ಹಳೆಯ ಲಿಂಕು ಮುರಿಯದಂತೆ ಬ್ಲಾಗು ಸಾಗಿಸಿದ್ದು

ಬ್ಲಾಗರ್‌ನಿಂದ (ಗೂಗಲ್‌ನ ಉಚಿತ ಬ್ಲಾಗು ಸೇವೆ) ಸ್ವಂತ ಸರ್ವರಿಗೆ ಹೋಗುವುದೆಂದರೆ ಬರಹಗಳನ್ನು ಸಾಗಿಸುವುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಬರಹ ಸುಲಭವಾಗಿ ಬರುತ್ತದೆ. ಕಷ್ಟ ಇರುವುದು ಲಿಂಕುಗಳಲ್ಲಿ, ಅದರಲ್ಲೂ ಕನ್ನಡ ಬ್ಲಾಗಿನ ಲಿಂಕುಗಳಲ್ಲಿ.

ನಾನು ಡೊಂಬಿವಲಿಯಲ್ಲಿ ಕೂತು ಮುಂಬಯಿ ಕನ್ನಡಿಗರ ಬಗ್ಗೆ ಬರೆಯುವವನು. ಮಾಟುಂಗಾದ ಹೋಟೆಲು, ಫೋರ್ಟಿನ ರಾತ್ರಿ ಶಾಲೆ, ಇಂಥವು. ಓದುಗರು ಜಾಸ್ತಿ ಇಲ್ಲ. ಆದರೆ ಕಲೀನಾದ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಓದುವ ಒಬ್ಬ ಹುಡುಗಿ ತನ್ನ ಪ್ರಬಂಧದ ಅಡಿಟಿಪ್ಪಣಿಯಲ್ಲಿ ನನ್ನ ಬರಹದ ಲಿಂಕು ಕೊಟ್ಟಿದ್ದಳು. ನಾನು ಜಾಗ ಬದಲಿಸುವ ಸುದ್ದಿ ಕೇಳಿ, "ಸರ್, ನನ್ನ ಅಡಿಟಿಪ್ಪಣಿ ಕಥೆ ಏನು?" ಅಂದಳು. ಸರಿಯಾದ ಪ್ರಶ್ನೆ ಅಲ್ವಾ? 2013ರಲ್ಲಿ ಪೋಸ್ಟರಸ್ ಅನ್ನುವ ಬ್ಲಾಗು ಸೇವೆ ಮುಚ್ಚಿದಾಗ ಅಲ್ಲಿನ ಲಿಂಕುಗಳೆಲ್ಲ ಸತ್ತವು. ಅಂಥದ್ದು ಆಗಬಾರದು ಅಂತಲೇ ಹೊರಟವನು ನಾನೇ ಲಿಂಕು ಕೊಂದರೆ ಏನು ಬಂತು?

ಹಾಗಾಗಿ ಮೊದಲು ಮುಟ್ಟಿದ್ದು ಸರ್ವರನ್ನಲ್ಲ, ವಿಳಾಸವನ್ನು. ಸ್ವಂತ ಡೊಮೇನ್ (ನಮ್ಮದೇ ಹೆಸರಿನ ಜಾಲತಾಣದ ವಿಳಾಸ) ಕೊಂಡು ಅದನ್ನು ಬ್ಲಾಗರ್‌ಗೇ ಜೋಡಿಸಿದೆ. ಹೀಗೆ ಮಾಡಿದರೆ ಹಳೆಯ ಬ್ಲಾಗ್‌ಸ್ಪಾಟ್ (ಬ್ಲಾಗರ್ ಕೊಡುವ ವಿಳಾಸ) ಲಿಂಕು ಒತ್ತಿದವರನ್ನು ಬ್ಲಾಗರ್ ತಾನೇ ಹೊಸ ಡೊಮೇನಿಗೆ ಕಳಿಸುತ್ತದೆ. ಆಮೇಲೆ ಡೊಮೇನನ್ನು ನಮ್ಮ ಸರ್ವರಿನತ್ತ ತಿರುಗಿಸಿದರೂ ಕಳಿಸುವುದು ನಿಲ್ಲುವುದಿಲ್ಲ. ನಡುವೆ ಒಂದು ಪುಟ ಮಾತ್ರ ಬರುತ್ತದೆ: ಈ ಬ್ಲಾಗು ಈಗ ಬೇರೆ ಕಡೆ ಇದೆ, ಹೋಗಬೇಕೇ ಅಂತ ಕೇಳುತ್ತದೆ. ಓದುಗರು ಹೌದು ಅನ್ನಬೇಕು. ಪರವಾಗಿಲ್ಲ, ಲಿಂಕು ಬದುಕುತ್ತದೆ.

ಸರ್ವರಿನ ವಿಷಯ ಬೇಗ ಮುಗಿಸುತ್ತೇನೆ. ಮುಂಬಯಿಯಲ್ಲೇ ಡೇಟಾ ಸೆಂಟರ್ ಇರುವ ಒಂದು ಕಂಪನಿಯಿಂದ 1 ಜಿಬಿ ರ‍್ಯಾಮ್‌ನ ಸರ್ವರ್ ಬಾಡಿಗೆಗೆ ತೆಗೆದುಕೊಂಡೆ. ಅದರಲ್ಲಿ ಹಾಕಿದ ತಂತ್ರಾಂಶಗಳು: ಉಬುಂಟು, ಪುಟಗಳನ್ನು ಓದುಗರಿಗೆ ಕಳಿಸುವ ಎನ್‌ಜಿನೆಕ್ಸ್, ಪಿಎಚ್‌ಪಿ, ಮರಿಯಾಡಿಬಿ ಡೇಟಾಬೇಸ್, ಮೇಲೆ ಬ್ಲಾಗು ನಡೆಸುವ ವರ್ಡ್‌ಪ್ರೆಸ್. ಸ್ವಾಪ್ ಫೈಲ್ (ಡಿಸ್ಕಿನಲ್ಲಿ ಇಡುವ ಹೆಚ್ಚುವರಿ ಮೆಮೊರಿ) ಹಾಕಿಕೊಳ್ಳಿ, ಇಲ್ಲದಿದ್ದರೆ ಇಷ್ಟು ಕಡಿಮೆ ರ‍್ಯಾಮ್‌ನಲ್ಲಿ ಡೇಟಾಬೇಸ್ ಆಗಾಗ ಮಲಗುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್‌ನ ಪ್ರಮಾಣಪತ್ರ (ಸುರಕ್ಷಿತ ಸಂಪರ್ಕಕ್ಕೆ ಬೇಕಾದದ್ದು) ಉಚಿತ. ಅದರ ಆಯುಷ್ಯ 90 ದಿನ, ನವೀಕರಣ ತಾನಾಗಿ ಆಗುವಂತೆ ಇಟ್ಟರಾಯಿತು.

ಈಗ ಅಸಲಿ ವಿಷಯ. ಇಂಗ್ಲಿಷ್ ಬ್ಲಾಗಿನವರು ಒಂದು ಸುಲಭ ದಾರಿ ಹೇಳುತ್ತಾರೆ. ವರ್ಡ್‌ಪ್ರೆಸ್‌ನಲ್ಲೂ ಲಿಂಕಿನ ರಚನೆಯನ್ನು ವರ್ಷ, ತಿಂಗಳು, ಹೆಸರು, ಕೊನೆಗೆ ಎಚ್‌ಟಿಎಂಎಲ್ ಅಂತ ಇಟ್ಟರೆ ಬ್ಲಾಗರ್‌ನ ಲಿಂಕುಗಳೇ ಮುಂದುವರಿಯುತ್ತವೆ. ನಮಗೆ ಇದು ನಡೆಯುವುದಿಲ್ಲ. ಶೀರ್ಷಿಕೆ ಪೂರ್ತಿ ಕನ್ನಡದಲ್ಲಿದ್ದರೆ ಬ್ಲಾಗರ್ ಅದರಿಂದ ಲಿಂಕಿನ ಹೆಸರು ಮಾಡುವುದಿಲ್ಲ. ಸುಮ್ನೆ 'ಬ್ಲಾಗ್-ಪೋಸ್ಟ್' ಅಂತ ಇಡುತ್ತದೆ, ಅದೇ ತಿಂಗಳ ಇನ್ನೊಂದಕ್ಕೆ ಕೊನೆಯಲ್ಲಿ ಅಂಕಿ ಸೇರಿಸುತ್ತದೆ. ಜೂನ್‌ನಲ್ಲೂ ಒಂದು 'ಬ್ಲಾಗ್-ಪೋಸ್ಟ್', ಜುಲೈನಲ್ಲೂ ಒಂದು. ವರ್ಡ್‌ಪ್ರೆಸ್‌ಗೆ ಇದು ಆಗದು. ಅಲ್ಲಿ ಎರಡು ಬರಹಗಳಿಗೆ ಒಂದೇ ಹೆಸರು ಇರುವಂತಿಲ್ಲ, ತಿಂಗಳು ಬೇರೆಯಾದರೂ ಸರಿಯೇ. ಎರಡನೆಯದಕ್ಕೆ ಅದು ತನ್ನದೇ ಅಂಕಿ ಅಂಟಿಸುತ್ತದೆ, ಹಳೆಯ ಲಿಂಕು ಹೋಯಿತು.

ಆದ್ದರಿಂದ ಪಟ್ಟಿ ಮಾಡಲೇಬೇಕು. ಬ್ಲಾಗರ್ ಕೊಡುವ ಬ್ಯಾಕಪ್ ಫೈಲಿನಲ್ಲಿ ಪ್ರತಿ ಬರಹದ ಹಳೆಯ ವಿಳಾಸ ಇರುತ್ತದೆ. ಒಂದು ಸಣ್ಣ ಪೈಥಾನ್ ಸ್ಕ್ರಿಪ್ಟ್ ಬರೆದು ಹಳೆಯದು ಒಂದು ಕಡೆ, ಹೊಸದು ಒಂದು ಕಡೆ ಸಾಲಾಗಿ ತೆಗೆದೆ. ಅದನ್ನು ಎನ್‌ಜಿನೆಕ್ಸ್‌ನ ಮ್ಯಾಪ್‌ಗೆ ಕೊಟ್ಟು 301 ರೀಡೈರೆಕ್ಟ್ (ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ಸೂಚನೆ) ಹಾಕಿದೆ.

ಮೊಬೈಲಿನಿಂದ ಹಂಚಿದ ಬ್ಲಾಗರ್ ಲಿಂಕುಗಳ ಕೊನೆಯಲ್ಲಿ '?ಎಂ=1' ಅನ್ನುವ ಬಾಲ ಇರುತ್ತದೆ (ಎಂ ಇಂಗ್ಲಿಷ್ ಅಕ್ಷರ). ನಮ್ಮವರು ಹಂಚುವುದೆಲ್ಲ ವಾಟ್ಸಾಪ್‌ನಲ್ಲಿ, ಅಂದರೆ ಬಾಲದ ಸಮೇತ. ವರ್ಡ್‌ಪ್ರೆಸ್‌ನಲ್ಲಿ 'ಎಂ' ಅಂದರೆ ತಾರೀಕು. 1 ಅನ್ನುವ ವರ್ಷದ ಬರಹ ಹುಡುಕಲು ಹೋಗಿ 404 (ಪುಟ ಸಿಗಲಿಲ್ಲ) ಅಂತ ತೋರಿಸುತ್ತದೆ. ಬಾಲವಿಲ್ಲದ ವಿಳಾಸವನ್ನಷ್ಟೇ ಮ್ಯಾಪ್ ನೋಡುವಂತೆ ಬರೆದರೆ ಬರಹಗಳಿಗೆ ತೊಂದರೆ ಇಲ್ಲ. ಮುಖಪುಟಕ್ಕೆ ಮಾತ್ರ ಬಾಲ ಕತ್ತರಿಸುವ ಇನ್ನೊಂದು ಸಾಲು ಬೇಕು.

ಹೊಸ ಹೆಸರುಗಳನ್ನು ಕನ್ನಡದಲ್ಲೇ ಇಡೋಣ ಅನಿಸುತ್ತದೆ. ನಾನು ಇಡಲಿಲ್ಲ. ವರ್ಡ್‌ಪ್ರೆಸ್‌ನಲ್ಲಿ ಲಿಂಕಿನ ಹೆಸರಿಗೆ 200 ಅಕ್ಷರಗಳ ಮಿತಿ ಇದೆ. ಯುಟಿಎಫ್-8ರಲ್ಲಿ (ಕಂಪ್ಯೂಟರ್ ಅಕ್ಷರಗಳನ್ನು ಉಳಿಸುವ ಕ್ರಮ) ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟು, ಲಿಂಕಿನಲ್ಲಿ ಒಂದು ಬೈಟಿಗೆ ಶೇಕಡಾ ಚಿಹ್ನೆ ಸೇರಿ 3 ಅಕ್ಷರ, ಹಾಗಾಗಿ ಅದು 9 ಅಕ್ಷರ ಆಗುತ್ತದೆ. ಗುಣಿತದ ಚಿಹ್ನೆಗೂ ಬೇರೆ ಲೆಕ್ಕ. ಒಟ್ಟು 22 ಚಿಹ್ನೆಗೆ ಜಾಗ ಮುಗಿಯಿತು. 'ಮಾಟುಂಗಾದ ಹೋಟೆಲಿನ ಹುಡುಗರು ಓದಿದ ರಾತ್ರಿ ಶಾಲೆ' ಅಂತ ಕೊಟ್ಟರೆ 'ಹುಡುಗರು' ಮುಗಿದ ಕೂಡಲೇ ಕತ್ತರಿ ಬೀಳುತ್ತದೆ. ಜೊತೆಗೆ ವಾಟ್ಸಾಪ್‌ಗೆ ಅಂಟಿಸಿದರೆ ಎಷ್ಟೋ ಸಲ ಶೇಕಡಾ ಚಿಹ್ನೆಗಳ ಉದ್ದ ಸಾಲು ಕಾಣುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಎರಡು ಮೂರು ಪದ ಇಟ್ಟರೆ ಸಾಕು. ಕನ್ನಡ ಒಳಗೆ ಇದೆಯಲ್ಲ.

ಬ್ಯಾಕಪ್ ಫೈಲಿನಲ್ಲಿ ಫೋಟೋ ಇರುವುದಿಲ್ಲ, ಫೋಟೋದ ಲಿಂಕು ಮಾತ್ರ. ಆ ಲಿಂಕಿನಲ್ಲಿ 'ಎಸ್320' ಥರದ ಅಳತೆ ಕಾಣುತ್ತದೆ, ಅಂದರೆ ಚಿಕ್ಕ ಪ್ರತಿ. 320ರ ಜಾಗಕ್ಕೆ 0 ಹಾಕಿ ಇಳಿಸಿಕೊಂಡರೆ ಪೂರ್ತಿ ಅಳತೆಯದು ಸಿಗುತ್ತದೆ. ಇನ್ನು ಥೀಮ್‌ಗಳಲ್ಲಿ ಸಾಲಿನ ಅಂತರ ಇಂಗ್ಲಿಷಿಗೆ ಹೊಂದುವಂತೆ ಇರುತ್ತದೆ. ನೋಟೋ ಸಾನ್ಸ್ ಕನ್ನಡ ಹಾಕಿ ಅಂತರವನ್ನು 1.8ಕ್ಕೆ ಏರಿಸಿದ ಮೇಲೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುವುದು ನಿಂತಿತು.

ಡಿಎನ್‌ಎಸ್ (ಡೊಮೇನ್ ಯಾವ ಸರ್ವರಿಗೆ ಹೋಗಬೇಕು ಅಂತ ಹೇಳುವ ದಾಖಲೆ) ಬದಲಿಸುವ ಮುಂಚಿನ ದಿನವೇ ಟಿಟಿಎಲ್ (ಹಳೆಯ ದಾಖಲೆ ನೆನಪಿನಲ್ಲಿ ಉಳಿಯುವ ಅವಧಿ) ಅನ್ನು 300 ಸೆಕೆಂಡಿಗೆ ಇಳಿಸಿಟ್ಟಿದ್ದೆ. ಬದಲಿಸಿದ ರಾತ್ರಿ ಆ ಹುಡುಗಿಗೇ ಅವಳ ಅಡಿಟಿಪ್ಪಣಿಯ ಲಿಂಕು ಒತ್ತಿ ನೋಡಲು ಹೇಳಿದೆ. ಪುಟ ತೆರೆಯಿತು.

ಬ್ಲಾಗರ್ ಖಾತೆಯನ್ನು ಅಳಿಸಿಲ್ಲ, ಬ್ಲಾಗ್‌ಸ್ಪಾಟ್ ಲಿಂಕುಗಳನ್ನು ತಿರುಗಿಸುತ್ತಿರುವುದು ಅದೇ. ಎರಡು ವರ್ಷ ಬಳಸದ ಖಾತೆಗಳನ್ನು ತೆಗೆಯಬಹುದು ಅಂತ ಗೂಗಲ್ 2023ರಲ್ಲಿ ನಿಯಮ ಮಾಡಿದೆ. ಅದಕ್ಕೇ ಪ್ರತಿ ಯುಗಾದಿಗೆ ಒಮ್ಮೆ ಲಾಗಿನ್ ಆಗುವಂತೆ ಫೋನಿನಲ್ಲಿ ರಿಮೈಂಡರ್ ಇಟ್ಟಿದ್ದೇನೆ.