‘ನೋಡಿ ಹೇಳಿ’ ಅಂದದ್ದಕ್ಕೆ ಬಂದ ಬಿಲ್ಲು

ಬಿಲ್ಲು ಬಂದದ್ದು ಒಂದು ಸೋಮವಾರ ಬೆಳಿಗ್ಗೆ, ಇಮೇಲ್‌ನಲ್ಲಿ. ಲಾಯರ ಕಚೇರಿಯ ಹೆಸರು ಕಂಡು, ಅಂತೂ ಉತ್ತರ ಬಂತು ಅಂದುಕೊಂಡು ತೆರೆದೆ. ಉತ್ತರ ಇರಲಿಲ್ಲ. ಐದು ಸಾಲಿನ ಪಟ್ಟಿ, ಅದರ ಕೆಳಗೆ ಒಟ್ಟು 3.0 ಗಂಟೆ, ಪಕ್ಕದಲ್ಲಿ ಕಣ್ಣುಜ್ಜಿಕೊಂಡು ಎರಡನೇ ಸಲ ಓದಬೇಕಾದಂಥ ಮೊತ್ತ. ಹದಿನಾಲ್ಕು ದಿನದಲ್ಲಿ ಕಟ್ಟಬೇಕಂತೆ.

ನಾನು ಆ ಲಾಯರನ್ನು ನೇಮಿಸಿಕೊಂಡಿರಲೇ ಇಲ್ಲ. ಹಾಗಂತ ನಾನು ಅಂದುಕೊಂಡಿದ್ದೆ.

ಆಗಿದ್ದು ಇಷ್ಟು. ಹಳೆಯ ಕೆಲಸ ಬಿಟ್ಟು ಬೇರೆ ಕಡೆ ಸೇರುವವನಿದ್ದೆ. ಹಳೆಯ ಕರಾರಿನಲ್ಲಿ ಒಂದು ಷರತ್ತು ಇತ್ತು: ಬಿಟ್ಟ ಮೇಲೆ ಒಂದು ವರ್ಷ ಅದೇ ಬಗೆಯ ಕಂಪನಿಗೆ ಸೇರುವಂತಿಲ್ಲ. ಇದು ನಿಜವಾಗಿ ನಿಲ್ಲುವ ಷರತ್ತೋ, ಸುಮ್ನೆ ಹೆದರಿಸಲು ಹಾಕಿದ್ದೋ ತಿಳಿಯಬೇಕಿತ್ತು. ಯಾರೋ ಹೇಳಿದರು ಅಂತ ಒಂದು ಕಚೇರಿಗೆ ಫೋನ್ ಮಾಡಿದೆ. ಫೋನ್ ಎತ್ತಿದವರು, ‘ಮೊದಲು ಮೇಡಂ ಹತ್ತಿರ ಮಾತಾಡಿ, ಆಮೇಲೆ ಮುಂದಿನದು ನೋಡೋಣ’ ಅಂದರು. ಲಾಯರು ಸಮಾಧಾನದಿಂದ ಕೇಳಿಸಿಕೊಂಡರು. ಕೊನೆಗೆ, ‘ಕರಾರಿನ ಪ್ರತಿ ಕಳಿಸಿ, ಒಂದು ಸಲ ನೋಡೋಣ’ ಅಂದರು. ಫೀಸಿನ ಮಾತು ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ನಿಜ ಹೇಳಬೇಕೆಂದರೆ, ಕೇಳಿದರೆ ಎಲ್ಲಿ ಮೀಟರ್ ಶುರುವಾಗುತ್ತದೋ ಅನ್ನುವ ಸಂಕೋಚ. ಮೀಟರ್ ಆಗಲೇ ಓಡುತ್ತಿತ್ತು ಅನ್ನುವುದು ಆಮೇಲೆ ಗೊತ್ತಾಯಿತು.

ಅವತ್ತು ಸಂಜೆಯೇ ಹನ್ನೊಂದು ಪುಟದ ಕರಾರನ್ನು ಕಳಿಸಿದೆ. ಜೊತೆಗೆ ಒಂದೇ ಸಾಲು: ‘ಕರಾರು ಕಳಿಸಿದ್ದೇನೆ, ದಯವಿಟ್ಟು ನೋಡಿ ಹೇಳಿ.’ ಮಾರನೆಯ ದಿನ ‘ಸಿಕ್ಕಿದೆ, ಧನ್ಯವಾದ’ ಅಂತ ಉತ್ತರ ಬಂತು. ಆಮೇಲೆ ಮೂರು ವಾರ ಸದ್ದಿಲ್ಲ. ಆಮೇಲೆ ಬಿಲ್ಲು.

ಬಿಲ್ಲಿನ ಐದು ಸಾಲು ಹೀಗಿದ್ದವು. ಫೋನ್ ಸಮಾಲೋಚನೆ 0.4. ಕಡತ ತೆರೆದದ್ದು 0.3. ದಾಖಲೆ ಪರಿಶೀಲನೆ 1.5. ಸಹೋದ್ಯೋಗಿಯೊಂದಿಗೆ ಚರ್ಚೆ 0.7. ಕಕ್ಷಿದಾರರಿಗೆ ಇಮೇಲ್ 0.1. ಈ 0.1 ಅಂದರೆ ‘ಸಿಕ್ಕಿದೆ, ಧನ್ಯವಾದ’. ಗಂಟೆ ಲೆಕ್ಕದ ಲಾಯರುಗಳು ಸಾಮಾನ್ಯವಾಗಿ ಗಂಟೆಯನ್ನು ಹತ್ತು ಭಾಗ ಮಾಡುತ್ತಾರೆ, ಒಂದು ಭಾಗಕ್ಕೆ ಆರು ನಿಮಿಷ. ಒಂದು ನಿಮಿಷದ ಕೆಲಸವಾದರೂ ಆರು ನಿಮಿಷದ ದುಡ್ಡು. ಎರಡು ಪದಕ್ಕೆ ಆರು ನಿಮಿಷ, ಪದಕ್ಕೆ ಮೂರು ನಿಮಿಷ ಅಂತ ಲೆಕ್ಕ ಹಾಕಿ ಒಬ್ಬನೇ ನಕ್ಕೆ. ನಗು ಜಾಸ್ತಿ ಹೊತ್ತು ಉಳಿಯಲಿಲ್ಲ.

ಸಿಟ್ಟಿನಲ್ಲಿ ಒಂದು ಉದ್ದನೆಯ ಪತ್ರ ಬರೆದೆ. ‘ಮೋಸ’ ಅನ್ನುವ ಪದ ಅದರಲ್ಲಿ ಮೂರು ಕಡೆ ಇತ್ತು. ಕಳಿಸುವ ಮುಂಚೆ ಲೆಕ್ಕಪತ್ರದ ಕೆಲಸ ಮಾಡುವ ಗೆಳತಿಗೆ ಓದಿ ಹೇಳಿದೆ. ‘ಇದನ್ನು ಕಳಿಸಿದರೆ ನಿನ್ನ ಮನಸ್ಸು ಹಗುರ ಆಗುತ್ತೆ, ಬಿಲ್ಲು ಹಗುರ ಆಗಲ್ಲ’ ಅಂದಳು. ಆಮೇಲೆ ಹೇಳಿದ ಎರಡು ಮಾತು ನನ್ನನ್ನು ಉಳಿಸಿತು. ಒಂದು, ಸುಮ್ಮನಿರಬೇಡ, ಹದಿನಾಲ್ಕು ದಿನ ಕಳೆದ ಮೇಲೆ ತಕರಾರು ಎತ್ತಿದರೆ ದುಡ್ಡಿಲ್ಲದ್ದಕ್ಕೆ ನೆಪ ಹುಡುಕಿದ ಹಾಗೆ ಕಾಣುತ್ತೆ. ಎರಡು, ‘ಸದ್ಯಕ್ಕೆ ಇಷ್ಟು ಇರಲಿ’ ಅಂತ ಸ್ವಲ್ಪ ದುಡ್ಡನ್ನೂ ಕಟ್ಟಬೇಡ. ಕಟ್ಟಿದರೆ ಬಿಲ್ಲನ್ನು ಒಪ್ಪಿಕೊಂಡಿದ್ದೀಯ ಅಂತ ಅವರು ವಾದಿಸಬಹುದು.

ಅವತ್ತೇ ನಾಲ್ಕು ಸಾಲಿನ ಇಮೇಲ್ ಹಾಕಿದೆ: ‘ನಿಮ್ಮ ಬಿಲ್ಲು ಇಂದು ತಲುಪಿದೆ. ಇದನ್ನು ನಾನು ಒಪ್ಪಿಕೊಂಡಿಲ್ಲ. ವಿವರವಾಗಿ ಒಂದು ವಾರದೊಳಗೆ ಬರೆಯುತ್ತೇನೆ. ಅಲ್ಲಿಯವರೆಗೆ ನನ್ನ ಪರವಾಗಿ ಯಾವ ಕೆಲಸವನ್ನೂ ಮಾಡಬೇಡಿ.’ ಕೊನೆಯ ಸಾಲು ಮುಖ್ಯ. ಅದಿಲ್ಲದಿದ್ದರೆ ನನ್ನ ತಕರಾರನ್ನು ಓದಿದ್ದಕ್ಕೂ 0.2 ಅಂತ ಬರೆದುಕೊಂಡರೆ ಏನು ಮಾಡುವುದು?

ಆ ವಾರ ಮಾಡಿದ ದೊಡ್ಡ ಕೆಲಸ ಅಂದರೆ ಒಂದು ಪುಟದ ಪಟ್ಟಿ. ಯಾವ ದಿನ, ಎಷ್ಟು ಗಂಟೆಗೆ, ಯಾರು ಏನು ಅಂದರು, ಅದಕ್ಕೆ ಪುರಾವೆ ಏನು. ಪುರಾವೆ ಇಲ್ಲದ ಕಡೆ ‘ನೆನಪಿನಿಂದ’ ಅಂತ ನಾನೇ ಬರೆದೆ. ಫೋನಿನ ಕರೆಪಟ್ಟಿಯಲ್ಲಿ 19 ನಿಮಿಷ ಇತ್ತು. ಆರರ ಲೆಕ್ಕದಲ್ಲಿ ಹದಿನೆಂಟಕ್ಕೆ ಮೂರು ಭಾಗ, ಮಿಕ್ಕ ಒಂದು ನಿಮಿಷಕ್ಕೆ ನಾಲ್ಕನೆಯದು, ಅಲ್ಲಿಗೆ 0.4. ಅಂದರೆ ಆ ಸಾಲಿನ ಲೆಕ್ಕ ಸರಿಯಾಗಿಯೇ ಇತ್ತು. ಇದನ್ನು ಒಪ್ಪಿಕೊಳ್ಳಲು ಹೊಟ್ಟೆ ಉರಿಯಿತು. ಆದರೆ ತಪ್ಪಿಲ್ಲದ ಕಡೆ ತಪ್ಪು ಹುಡುಕಿದರೆ ಮಿಕ್ಕ ಮಾತಿಗೂ ಬೆಲೆ ಹೋಗುತ್ತದೆ.

ಪಟ್ಟಿ ಬರೆಯುತ್ತಾ ನನ್ನ ತಪ್ಪೂ ಕಣ್ಣಿಗೆ ಬಿತ್ತು. ‘ನೋಡಿ ಹೇಳಿ.’ ನನ್ನ ಪ್ರಕಾರ ಅದರ ಅರ್ಥ, ‘ಈ ಕೇಸು ನೀವು ತೆಗೆದುಕೊಳ್ಳುತ್ತೀರಾ, ತೆಗೆದುಕೊಂಡರೆ ಎಷ್ಟಾಗುತ್ತೆ ಹೇಳಿ.’ ಅವರ ಪ್ರಕಾರ, ‘ಓದಿ ಅಭಿಪ್ರಾಯ ಕೊಡಿ.’ ಎರಡೂ ಅರ್ಥ ಅದರಲ್ಲಿ ಇದೆ. ಬರೆದವನು ನಾನೇ, ಯಾರನ್ನು ಬೈಯಲಿ?

ಇಲ್ಲಿ ಸ್ವಲ್ಪ ಕಾನೂನು ಓದಿದೆ. ಮೊದಲು ಕೈಗೆ ಸಿಕ್ಕಿದ್ದು ನನಗೆ ಬೇಡವಾದ ವಿಷಯ. ದರ ಮಾತಾಡದೆಯೂ ಒಬ್ಬರಿಂದ ಕೆಲಸ ಮಾಡಿಸಿಕೊಂಡರೆ, ಮಾಡಿದ ಕೆಲಸಕ್ಕೆ ತಕ್ಕಷ್ಟು ಕೊಡಬೇಕು ಅನ್ನುವ ತತ್ವವನ್ನು ಬಹಳ ದೇಶಗಳ ಕೋರ್ಟುಗಳು ಒಪ್ಪುತ್ತವೆ. ಹಾಗಾಗಿ ‘ಸಹಿ ಹಾಕಿಲ್ಲ, ಒಂದು ಪೈಸೆಯೂ ಕೊಡಲ್ಲ’ ಅನ್ನುವ ವಾದ ಎಲ್ಲ ಕಡೆ ನಡೆಯುವುದಿಲ್ಲ. ಕೆಲಸ ಮಾಡಿ ಅಂತ ನಾನು ಹೇಳಿದ್ದೆನಾ, ಹೇಳಿದ್ದರೆ ಎಷ್ಟಕ್ಕೆ ಹೇಳಿದ್ದೆ, ಆ ಕೆಲಸ ನನ್ನ ಕೈಗೆ ಬಂತಾ? ಜಗಳ ಇರುವುದು ಇಷ್ಟರಲ್ಲೇ.

ನನ್ನ ಪರವಾದದ್ದೂ ಸಿಕ್ಕಿತು. ಅಮೆರಿಕದ ಲಾಯರುಗಳ ಸಂಘವಾದ ಅಮೆರಿಕನ್ ಬಾರ್ ಅಸೋಸಿಯೇಷನ್ನಿನ ಮಾದರಿ ನಿಯಮ 1.5 ಪ್ರಕಾರ, ಫೀಸಿನ ದರ ಅಥವಾ ಅದರ ಆಧಾರ ಏನು ಅನ್ನುವುದನ್ನು ಕೆಲಸ ಶುರುವಾಗುವ ಮುಂಚೆ, ಇಲ್ಲವೇ ಶುರುವಾದ ಸ್ವಲ್ಪದರಲ್ಲೇ, ಕಕ್ಷಿದಾರರಿಗೆ ತಿಳಿಸಬೇಕು, ಆದಷ್ಟೂ ಬರಹದಲ್ಲಿ. 1993ರಲ್ಲಿ ಅದೇ ಸಂಸ್ಥೆ ಕೊಟ್ಟ ಒಂದು ಅಭಿಪ್ರಾಯದಲ್ಲಿ, ಕಚೇರಿ ನಡೆಸುವ ಸಾಮಾನ್ಯ ಖರ್ಚನ್ನು ಮೊದಲೇ ತಿಳಿಸದೆ ಕಕ್ಷಿದಾರರ ತಲೆಗೆ ಕಟ್ಟುವಂತಿಲ್ಲ ಅಂತ ಇದೆ. ‘ಕಡತ ತೆರೆದದ್ದು’ ಅನ್ನುವ ಸಾಲು ಓದಿದಾಗಲೆಲ್ಲ ಇದು ನೆನಪಾಗುತ್ತಿತ್ತು. ಇಂಗ್ಲೆಂಡಿನಲ್ಲಿ 1974ರ ಸಾಲಿಸಿಟರ್ಸ್ ಕಾಯ್ದೆಯ ಕೆಳಗೆ, ಬಿಲ್ಲು ಬಂದ ಒಂದು ತಿಂಗಳೊಳಗೆ ಕೇಳಿದರೆ ಕೋರ್ಟಿನಲ್ಲಿ ಅದನ್ನು ಪರಿಶೀಲನೆಗೆ ಹಾಕಿಸಬಹುದು. ಬಿಲ್ಲಿನಲ್ಲಿ ಐದನೇ ಒಂದು ಭಾಗ ಕಡಿಮೆಯಾದರೆ ಆ ಪರಿಶೀಲನೆಯ ಖರ್ಚು ಸಾಮಾನ್ಯವಾಗಿ ಲಾಯರದೇ. ಅಲ್ಲಿ ಮೊದಲು ಕಚೇರಿಗೇ ದೂರು ಕೊಟ್ಟು ಎಂಟು ವಾರ ಕಾಯಬೇಕು, ಆಮೇಲೆ ಲಾಯರುಗಳ ಮೇಲಿನ ದೂರು ವಿಚಾರಿಸುವ ಲೀಗಲ್ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಭಾರತದಲ್ಲಿ ಗ್ರಾಹಕ ನ್ಯಾಯಾಲಯದ ಬಾಗಿಲು ಇದಕ್ಕಿಲ್ಲ: ಲಾಯರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯೊಳಗೆ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಲ್ಲಿ ಹೇಳಿತು. ಆದರೆ ಫೀಸು ಬಾಕಿ ಇದೆ ಅಂತ ಕಕ್ಷಿದಾರರ ಕಾಗದಪತ್ರ ಹಿಡಿದಿಟ್ಟುಕೊಳ್ಳುವಂತಿಲ್ಲ ಅಂತಲೂ ಅದೇ ಕೋರ್ಟು 2000ದಲ್ಲಿ ಹೇಳಿದೆ. ಇಂಗ್ಲೆಂಡಿನಲ್ಲಿ ಹಾಗಲ್ಲ, ಅಲ್ಲಿ ಹಿಡಿದಿಟ್ಟುಕೊಳ್ಳುವ ಹಕ್ಕು ಲಾಯರಿಗೆ ಇದೆ. ಪುಣ್ಯಕ್ಕೆ ನಾನು ಕಳಿಸಿದ್ದು ಪ್ರತಿ ಮಾತ್ರ, ಅಸಲು ನನ್ನ ಹತ್ತಿರವೇ ಇತ್ತು.

ಇಷ್ಟು ಓದಿದ ಮೇಲೆ ಪತ್ರ ಬರೆದೆ. ಕಾನೂನಿನ ಒಂದು ಹೆಸರನ್ನೂ ಹಾಕಲಿಲ್ಲ. ಲಾಯರಿಗೆ ಕಾನೂನು ಹೇಳಿಕೊಡಲು ಹೋಗುವುದು ಮೀನಿಗೆ ಈಜು ಕಲಿಸಿದ ಹಾಗೆ. ಬರೀ ನಾಲ್ಕು ಪ್ರಶ್ನೆ ಕೇಳಿದೆ. ಫೀಸಿನ ದರವನ್ನು ನನಗೆ ಯಾವ ದಿನ, ಯಾರು, ಹೇಗೆ ತಿಳಿಸಿದರು? ಕೆಲಸ ಶುರು ಮಾಡಿ ಅಂತ ನಾನು ಹೇಳಿದ್ದು ಯಾವ ಮಾತಿನಲ್ಲಿ? ಸಹೋದ್ಯೋಗಿಯ ಜೊತೆ ಚರ್ಚೆ ಯಾಕೆ ಬೇಕಾಯಿತು? ಮೂರು ಗಂಟೆಯ ಕೆಲಸದಿಂದ ನನಗೆ ಸಿಕ್ಕ ಬರಹ ಯಾವುದು? ಪಟ್ಟಿಯನ್ನು ಜೊತೆಗಿಟ್ಟೆ. ‘ಮೋಸ’ ಅನ್ನುವ ಪದ ಈ ಸಲ ಎಲ್ಲೂ ಇರಲಿಲ್ಲ.

ಉತ್ತರ ಕೊಟ್ಟದ್ದು ಕಚೇರಿಯ ಲೆಕ್ಕ ನೋಡಿಕೊಳ್ಳುವವರು. ನಾಲ್ಕು ಪ್ರಶ್ನೆಗೂ ಉತ್ತರ ಇರಲಿಲ್ಲ. ‘ಇದು ನಮ್ಮ ಕಚೇರಿಯ ಕ್ರಮ. ಆದರೂ ಸೌಹಾರ್ದಕ್ಕಾಗಿ ಶೇ. 25 ರಿಯಾಯಿತಿ ಕೊಡುತ್ತೇವೆ, ಈ ವಾರ ಕಟ್ಟಿದರೆ’ ಅಂತ ಇತ್ತು. ಆಸೆ ಆಯಿತು. ಮುಗಿಸಿಬಿಡೋಣ, ನೆಮ್ಮದಿಯಾದರೂ ಸಿಗುತ್ತೆ ಅನ್ನಿಸಿತು. ಅರ್ಧ ದಿನ ಯೋಚಿಸಿದೆ. ಆಮೇಲೆ ಹೊಳೆಯಿತು: ರಿಯಾಯಿತಿ ಸಿಗುವುದು ಒಪ್ಪಿಕೊಂಡ ಬಿಲ್ಲಿನ ಮೇಲೆ. ನನ್ನ ತಕರಾರು ಬಿಲ್ಲು ದೊಡ್ಡದು ಅಂತ ಅಲ್ಲ, ಅದು ಹುಟ್ಟಿದ್ದು ಹೇಗೆ ಅಂತ. ಧನ್ಯವಾದ ಹೇಳಿ, ನಾಲ್ಕು ಪ್ರಶ್ನೆಗಳನ್ನು ಮತ್ತೆ ಹಾಗೇ ಅಂಟಿಸಿ, ಲಾಯರೇ ಉತ್ತರಿಸಲಿ ಅಂತ ಕೇಳಿದೆ.

ಎರಡು ದಿನದ ಮೇಲೆ ಅವರೇ ಫೋನ್ ಮಾಡಿದರು. ಮೊದಲು ನಾನು ಕೇಳಿದ್ದು, ‘ಮೇಡಂ, ಈ ಕರೆಗೆ ಚಾರ್ಜ್ ಇಲ್ಲ ಅಲ್ವಾ?’ ಅವರು ನಕ್ಕರು. ‘ಇಲ್ಲ, ಹೇಳಿ’ ಅಂದರು. ಕಾಗದ ಪೆನ್ನು ಎಳೆದುಕೊಂಡೆ.

‘ನೋಡಿ, ನೀವೇ ಬರೆದಿದ್ದೀರಿ. ನೋಡಿ ಹೇಳಿ ಅಂತ. ಅದಕ್ಕೇ ನಾವು ಕೂತು ನೋಡಿದ್ದು.’

‘ಹೌದು ಮೇಡಂ, ಬರೆದಿದ್ದೇನೆ. ನೋಡಿದ್ದೀರಿ ಅಂತ ಬಿಲ್ಲಿನಲ್ಲಿ ಇದೆ. ಹೇಳಿದ್ದು ಎಲ್ಲಿ?’

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಇದನ್ನು ನಾನು ಮೊದಲೇ ಜೋಡಿಸಿಟ್ಟುಕೊಂಡಿರಲಿಲ್ಲ, ಬಾಯಿಗೆ ಬಂತು. ಕಾಗದ ಮಗುಚುವ ಸದ್ದು ಕೇಳಿಸಿತು. ‘ನಿಮಗೆ ಅಭಿಪ್ರಾಯದ ಪತ್ರ ಬಂದಿಲ್ವಾ?’ ಅಂದರು. ಬಂದಿಲ್ಲ ಅಂದೆ. ಸಹೋದ್ಯೋಗಿ ಬರೆದಿಟ್ಟ ಕರಡು ಹಾಗೇ ಉಳಿದಿತ್ತಂತೆ. ಬಿಲ್ಲು ಮಾತ್ರ ತನ್ನ ಪಾಡಿಗೆ ತಾನು ಹೊರಟಿತ್ತು. ಬೇಕೂಂತ ಮಾಡಿದ್ದಲ್ಲ ಅಂತ ನನಗೆ ಆಗ ಅನ್ನಿಸಿತು, ಈಗಲೂ ಹಾಗೇ ಅನ್ನಿಸುತ್ತೆ.

ಆಮೇಲೆ ಮಾತು ಬೇಗ ಮುಗಿಯಿತು. ಫೀಸು ಮೊದಲೇ ತಿಳಿಸದ್ದರಿಂದ ಮೊದಲ ಕರೆಯನ್ನು ಬಿಡುವುದು. ಕಡತ ತೆರೆದದ್ದು, ಚರ್ಚೆ, ಇಮೇಲ್ ಈ ಮೂರೂ ಬೇಡ. ಪರಿಶೀಲನೆಯ ವಿಷಯ ಬಂದಾಗ ನಾನೇ ಹೇಳಿದೆ: ‘ನಾನು ಕೇಳಿದ್ದು ಒಂದು ಷರತ್ತು, ಅದು ಒಂದು ಪುಟ. ಹನ್ನೊಂದು ಪುಟ ಓದಿದ್ದಕ್ಕೆ ಕೊಡಲಾರೆ. ಆದರೆ ಅಭಿಪ್ರಾಯ ಕೈಗೆ ಬಂದರೆ ಅರ್ಧ ಗಂಟೆಯದ್ದು ಕೊಡುತ್ತೇನೆ.’ ಕೆಲವರು ಇದನ್ನು ಕೇಳಿ, ‘ಅದನ್ನೂ ಯಾಕೆ ಕೊಟ್ಟೆ?’ ಅಂತ ಬೈದರು. ನನಗೆ ಅದು ಸರಿ ಅನ್ನಿಸಿತ್ತು. ‘ನೋಡಿ ಹೇಳಿ’ ಅಂದವನು ನಾನೇ ತಾನೇ.

ಫೋನ್ ಇಟ್ಟ ಹತ್ತು ನಿಮಿಷದಲ್ಲಿ, ಮಾತಾಡಿದ್ದನ್ನೆಲ್ಲ ಇಮೇಲ್‌ನಲ್ಲಿ ಬರೆದು, ‘ಇದು ಸರಿ ಇದೆಯಾ, ಖಚಿತಪಡಿಸಿ’ ಅಂತ ಕಳಿಸಿದೆ. ‘ಸರಿ ಇದೆ’ ಅಂತ ಬಂತು. ಹಳೆಯ ಬಿಲ್ಲು ರದ್ದಾಗಿದೆ ಅಂತ ಬರಹದಲ್ಲಿ ಕೇಳಿ ಪಡೆದೆ, ಹೊಸ ಬಿಲ್ಲು 0.5ಕ್ಕೆ ಬಂತು. ಅಭಿಪ್ರಾಯ ಬಂದ ದಿನವೇ ದುಡ್ಡು ಕಟ್ಟಿ ರಸೀದಿ ತೆಗೆದುಕೊಂಡೆ. ರಸೀದಿಯ ಮೇಲೆ ‘ಬಾಕಿ ಇಲ್ಲ’ ಅಂತ ಬರೆಸಿಕೊಂಡೆ. ಅತಿಯಾಯಿತು ಅಂತ ಗೆಳತಿ ನಕ್ಕಳು. ಅಭಿಪ್ರಾಯ ಒಂದು ಪುಟದ್ದು, ಚೆನ್ನಾಗಿಯೇ ಇತ್ತು. ಆ ಹೊತ್ತಿಗೆ ನಾನು ಹೊಸ ಕೆಲಸಕ್ಕೆ ಸೇರಿ ಹತ್ತು ದಿನವಾಗಿತ್ತು.

ಒಂದು ತಿಂಗಳ ಮೇಲೆ ಆ ಕಚೇರಿಯಿಂದ ಮತ್ತೊಂದು ಇಮೇಲ್: 3.0 ಗಂಟೆಯ ಬಿಲ್ಲು ಬಾಕಿ ಇದೆ, ಎರಡನೇ ಜ್ಞಾಪನೆ. ಯಂತ್ರ ತಾನಾಗಿ ಕಳಿಸಿದ್ದು ಅಂತ ನೋಡಿದರೇ ಗೊತ್ತಾಗುತ್ತಿತ್ತು. ಬಿಲ್ಲು ರದ್ದಾಗಿದೆ ಅನ್ನುವ ಪತ್ರವನ್ನೂ ‘ಬಾಕಿ ಇಲ್ಲ’ ರಸೀದಿಯನ್ನೂ ಜೋಡಿಸಿ ವಾಪಸು ಕಳಿಸಿದೆ. ‘ಸಿಕ್ಕಿದೆ, ಧನ್ಯವಾದ’ ಅಂತ ಉತ್ತರ ಬಂತು. ಈ ಸಲದ್ದಕ್ಕೆ 0.1 ಹಾಕಲಿಲ್ಲ.