ಮೊಬೈಲ್ ಹಾಡನ್ನು ಮೈಕ್‌ಸೆಟ್‌ಗೆ ಕೊಡುವುದು ಹೇಗೆ?

ಗಣೇಶನ ಪೆಂಡಾಲು, ದಸರಾ, ನವೆಂಬರ್ ತಿಂಗಳಿಡೀ ರಾಜ್ಯೋತ್ಸವ, ಆಮೇಲೆ ಶಾಲೆಗಳ ವಾರ್ಷಿಕೋತ್ಸವ. ಮೈಸೂರು, ಮಂಡ್ಯದ ಕಡೆ ಈ ನಾಲ್ಕೈದು ತಿಂಗಳು ಒಂದಲ್ಲ ಒಂದು ಕಡೆ ಮಕ್ಕಳ ಡಾನ್ಸ್ ಇದ್ದೇ ಇರುತ್ತದೆ. ಆ ಡಾನ್ಸಿನ ಹಾಡು ಟೀಚರ್ ಮೊಬೈಲಿನಲ್ಲೋ, ಯಾರದೋ ಹಳೇ ಎಂಪಿ3 ಪ್ಲೇಯರಿನಲ್ಲೋ ಇರುತ್ತದೆ. ಮಕ್ಕಳು ವಾರಗಟ್ಟಲೆ ಕುಣಿದು ಕಲಿತಿರುತ್ತಾರೆ. ವೇದಿಕೆ ಹತ್ತಿದ ಮೇಲೆ ನೋಡಿದರೆ ಹಾಡಿನಲ್ಲಿ ಹಾಡುವವರ ದನಿಯೇ ಇಲ್ಲ! ಕೊಳಲು, ತಾಳ ಎಲ್ಲೋ ದೂರದಲ್ಲಿ ನುಡಿದ ಹಾಗೆ ಕೇಳಿಸುತ್ತದೆ, ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಬಹಳ ಸಲ ಇದಕ್ಕೆ ಕಾರಣ ನಡುವೆ ಹಾಕಿದ ವೈರು. ಸರಿಯಾದ ವೈರನ್ನು ನೀವೇ ತೆಗೆದುಕೊಂಡು ಹೋಗಿ. ನೂರಿನ್ನೂರು ರೂಪಾಯಿಯ ಸಾಮಾನು ಅದು. ಸೌಂಡ್ ಸಿಸ್ಟಮ್‌ನವರ ಹತ್ತಿರ ಇರುತ್ತದೆ ಬಿಡಿ ಅಂತ ಸುಮ್ನೆ ಕೂರಬೇಡಿ.

ಯಾವ ವೈರು ಕೊಳ್ಳಬೇಕು

ಮೊದಲು ಪಿನ್ನುಗಳ ಹೆಸರು ತಿಳಿದುಕೊಳ್ಳಿ, ಅಂಗಡಿಯಲ್ಲಿ ಕೇಳೋಕೆ ಸುಲಭ. ಇಯರ್‌ಫೋನ್ ತುದಿಯಲ್ಲಿರುವ ಸಣ್ಣದು 3.5 ಮಿಲಿಮೀಟರ್‌ನದು, ಅಂಗಡಿಯವರು ಇಪಿ ಪಿನ್ ಅನ್ನುತ್ತಾರೆ. ಗಿಟಾರಿಗೆ ಹಾಕುವ ದಪ್ಪ ಪಿನ್ನು 6.35 ಮಿಲಿಮೀಟರ್, ಅದು ಪಿ-38. ಟಿವಿ, ಡಿವಿಡಿ ಹಿಂದೆ ಕೆಂಪು ಬಿಳಿ ಬಣ್ಣದಲ್ಲಿ ಇರುವುದು ಆರ್‌ಸಿಎ. ಮೂರು ಕಾಲಿನ ಮೈಕ್ ಪಿನ್ನು ಎಕ್ಸ್‌ಎಲ್‌ಆರ್.

ನಿಮಗೆ ಬೇಕಾದದ್ದು ಒಂದು ಕಡೆ ಇಪಿ ಸ್ಟೀರಿಯೊ (ಎಡ, ಬಲ ಎರಡೂ ಸದ್ದು ಒಂದೇ ಪಿನ್ನಿನಲ್ಲಿ), ಇನ್ನೊಂದು ಕಡೆ ಎರಡು ಪಿ-38 ಮೊನೊ ಪಿನ್ (ಒಂದೊಂದರಲ್ಲಿ ಒಂದೇ ಸದ್ದು) ಇರುವ ಕವಲು ವೈರು. ಎಡಗಡೆಯ ಹಾಡು ಒಂದು ಪಿನ್ನಿಗೆ, ಬಲಗಡೆಯದು ಇನ್ನೊಂದಕ್ಕೆ. ಹಳ್ಳಿ ಕಡೆ ಕೆಲವು ಸಲ ಬೇರೆ ಮಿಕ್ಸರ್ (ಮೈಕು, ಹಾಡು ಎಲ್ಲವನ್ನೂ ಸೇರಿಸಿ ಸದ್ದು ಹೊಂದಿಸುವ ಪೆಟ್ಟಿಗೆ) ಇರುವುದಿಲ್ಲ, ಆಂಪ್ಲಿಫೈಯರಿನಲ್ಲೇ ಮೈಕ್ ಹಾಕುವ ಜಾಗ ಇರುತ್ತದೆ, ಪಕ್ಕದಲ್ಲಿ ಆಕ್ಸ್ ಅಂತ ಬರೆದ ಆರ್‌ಸಿಎ ತೂತುಗಳೂ ಇರುತ್ತವೆ. ಅಲ್ಲಿಗೆ ಇಪಿಯಿಂದ ಎರಡು ಆರ್‌ಸಿಎ ಇರುವ ವೈರು ಬೇಕು. ಎರಡೂ ಥರದ್ದು ಬ್ಯಾಗಿನಲ್ಲಿದ್ದರೆ ಇನ್ನೂ ಒಳ್ಳೆಯದು. ಉದ್ದ ಮೂರು ಮೀಟರ್ ದಾಟಬಾರದು. ಇದಕ್ಕಿಂತ ಉದ್ದವಾದಷ್ಟೂ ಕರೆಂಟಿನ ಗುಂಯ್ ಅನ್ನುವ ಸದ್ದನ್ನು ವೈರು ಜಾಸ್ತಿ ಎಳೆದುಕೊಳ್ಳುತ್ತದೆ. ಇಯರ್‌ಫೋನ್ ತೂತೇ ಇಲ್ಲದ ಹೊಸ ಫೋನಾದರೆ ಅದಕ್ಕೆ ಬೇಕಾದ ಅಡಾಪ್ಟರ್ ಮನೆಯಲ್ಲೇ ಹಾಕಿ ನೋಡಿ. ಕೆಲವು ಅಡಾಪ್ಟರ್‌ಗಳು ಕೆಲವು ಫೋನಿಗೆ ಕೆಲಸವೇ ಮಾಡುವುದಿಲ್ಲ.

ದನಿ ಮಾಯವಾಗುವುದು ಯಾಕೆ

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಒಮ್ಮೆ ಅರ್ಥವಾದರೆ ಯಾವ ಪೆಂಡಾಲಿನಲ್ಲೂ ಸಿಕ್ಕಿಕೊಳ್ಳುವುದಿಲ್ಲ.

ಮಿಕ್ಸರಿನ ಒಂದು ತೂತಿಗೆ ಒಳಗೆ ಎರಡು ತಂತಿ ಇರುತ್ತವೆ, ಅರ್ತ್ ಬೇರೆ. ಮೈಕಿನಿಂದ ಬಂದ ಸದ್ದು ಈ ಎರಡರಲ್ಲೂ ಒಂದಕ್ಕೊಂದು ತಿರುಗುಮುರುಗಾಗಿ ಬರುತ್ತದೆ. ದಾರಿಯಲ್ಲಿ ಸೇರಿಕೊಂಡ ಗಲಾಟೆ ಮಾತ್ರ ಎರಡರಲ್ಲೂ ಒಂದೇ ಥರ ಇರುತ್ತದೆ. ಮಿಕ್ಸರ್ ಒಂದರಿಂದ ಇನ್ನೊಂದನ್ನು ಕಳೆಯುತ್ತದೆ, ಹಾಗಾಗಿ ಗಲಾಟೆ ಅಳಿಸಿಹೋಗಿ ಮೈಕಿನ ಮಾತು ಉಳಿಯುತ್ತದೆ. ಮೈಕಿಗೆ ಇದು ತುಂಬಾ ಒಳ್ಳೆಯ ವ್ಯವಸ್ಥೆ. ಆದರೆ ಎರಡೂ ಕಡೆ ಸ್ಟೀರಿಯೊ ಪಿನ್ ಇರುವ ವೈರನ್ನು, ಅಥವಾ ಇಪಿಯಿಂದ ಒಂದೇ ಎಕ್ಸ್‌ಎಲ್‌ಆರ್‌ಗೆ ಹೋಗುವ ವೈರನ್ನು ಆ ಒಂದೇ ತೂತಿಗೆ ಚುಚ್ಚಿದರೆ ಏನಾಗುತ್ತದೆ? ಒಂದು ತಂತಿಗೆ ಹಾಡಿನ ಎಡಭಾಗ, ಇನ್ನೊಂದಕ್ಕೆ ಬಲಭಾಗ. ರೆಕಾರ್ಡಿಂಗಿನಲ್ಲಿ ಹಾಡುವವರ ದನಿಯನ್ನು ಸಾಮಾನ್ಯವಾಗಿ ನಡುವೆ ಇಟ್ಟಿರುತ್ತಾರೆ, ಅಂದರೆ ಎಡ ಬಲ ಎರಡರಲ್ಲೂ ಸಮಸಮ. ಮಿಕ್ಸರ್ ಅದನ್ನೂ ಗಲಾಟೆ ಅಂದುಕೊಂಡು ಕಳೆದುಬಿಡುತ್ತದೆ. ಡ್ರಮ್ಮು, ಬೇಸ್ ಕೂಡ ನಡುವೆಯೇ ಇರುವುದರಿಂದ ಅವೂ ಹೋಗುತ್ತವೆ. ಪಕ್ಕದ ವಾದ್ಯ, ಒಂದಿಷ್ಟು ಪ್ರತಿಧ್ವನಿ, ಅಷ್ಟೇ ಉಳಿಯುತ್ತದೆ.

ಕವಲು ವೈರು ಹಾಕಿದರೆ ಎಡ, ಬಲ ಎರಡೂ ಮಿಕ್ಸರಿನ ಬೇರೆ ಬೇರೆ ತೂತಿಗೆ, ಅಂದರೆ ಬೇರೆ ಬೇರೆ ಚಾನೆಲ್‌ಗೆ ಹೋಗುವುದರಿಂದ ಈ ತೊಂದರೆ ಬರುವುದೇ ಇಲ್ಲ.

ವೈರು ಸಿಗಲೇ ಇಲ್ಲ, ಮಕ್ಕಳು ಆಗಲೇ ಮೇಲೆ ನಿಂತಿದ್ದಾರೆ ಅನ್ನಿ. ಆಗ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿಗೆ ಹೋಗಿ. ಅಲ್ಲಿ ಮೊನೊ ಆಡಿಯೊ ಆನ್ ಮಾಡಿ, ಕೆಳಗಿರುವ ಎಡ-ಬಲ ಬ್ಯಾಲೆನ್ಸನ್ನು ಪೂರ್ತಿ ಒಂದೇ ಬದಿಗೆ ಎಳೆಯಿರಿ. ಇಡೀ ಹಾಡು ಒಂದೇ ತಂತಿಯಲ್ಲಿ ಹೋಗುತ್ತದೆ, ಕಳೆಯೋಕೆ ಇನ್ನೊಂದರಲ್ಲಿ ಏನೂ ಇರುವುದಿಲ್ಲ, ದನಿ ವಾಪಸ್ ಬರುತ್ತದೆ. ಎರಡನ್ನೂ ಮಾಡಲೇಬೇಕು. ಮೊನೊ ಮಾತ್ರ ಆನ್ ಮಾಡಿದರೆ ಎರಡು ತಂತಿಯೂ ಒಂದೇ ಆಗಿ ಇದ್ದಬದ್ದ ಹಾಡೂ ಅಳಿಸಿಹೋಗುತ್ತದೆ.

ಪಿನ್ನನ್ನು ಅರ್ಧ ಹೊರಗೆಳೆದು ನಿಲ್ಲಿಸುವುದನ್ನು ಎಷ್ಟೋ ಕಡೆ ಮಾಡುತ್ತಾರೆ. ದನಿ ಬರುತ್ತದೆ ನಿಜ, ಆದರೆ ಯಾರಾದರೂ ವೈರು ತಾಗಿಸಿದರೆ ಪಟ್ ಅಂತ ಹೋಗುತ್ತದೆ. ಎಡ ಬಲದ ತಂತಿಗಳನ್ನು ಸುಮ್ನೆ ಸೇರಿಸಿ ಬೆಸೆದು ಒಂದೇ ಪಿನ್ ಮಾಡುವುದೂ ಸರಿಯಲ್ಲ. ಫೋನಿನ ಎರಡು ಔಟ್‌ಪುಟ್‌ಗಳು ಒಂದನ್ನೊಂದು ತಳ್ಳಾಡಿ ಸದ್ದು ಕೆಡುತ್ತದೆ. ಒಂದೇ ಪಿನ್ ಬೇಕೇ ಬೇಕು ಅಂದರೆ ಪ್ರತಿ ತಂತಿಗೂ 1 ಕಿಲೊಓಮ್ ರೆಸಿಸ್ಟರ್ ಹಾಕಿ ಆಮೇಲೆ ಸೇರಿಸಿ ಕೊಡಲು ರಿಪೇರಿ ಅಂಗಡಿಯವರಿಗೆ ಹೇಳಿ.

ಮಿಕ್ಸರ್ ಮುಂದೆ

ಕಾರ್ಯಕ್ರಮಕ್ಕೆ ಒಂದು ಗಂಟೆ ಮೊದಲೇ ಹೋಗಿ ಸೌಂಡ್ ನೋಡಿಕೊಳ್ಳುವವರನ್ನು ಮಾತಾಡಿಸಿ. "ಅಣ್ಣ, ಡಾನ್ಸ್ ಹಾಡಿದೆ, ವೈರು ತಂದಿದ್ದೀನಿ, ಎರಡು ಲೈನ್ ಇನ್ ಕೊಡ್ತೀರಾ?" ಅಂತ ಕೇಳಿದರೆ ಸಾಕು (ಲೈನ್ ಇನ್ ಅಂದರೆ ಫೋನು, ಪ್ಲೇಯರಿನಂಥದ್ದನ್ನು ಹಾಕುವ ತೂತು), ನಿಮಗೆ ವಿಷಯ ಗೊತ್ತಿದೆ ಅಂತ ಅವರಿಗೂ ಖುಷಿ. ಮಿಕ್ಸರಿಗೆ ನೀವೇ ಕೈ ಹಾಕಬೇಡಿ. ಅದು ಅವರ ಅನ್ನದ ಸಾಮಾನು.

ಅವರು ಫೇಡರ್ (ಸದ್ದು ಏರಿಸಿ ಇಳಿಸುವ ಜಾರುಗುಂಡಿ) ಕೆಳಗಿಳಿಸಿದ ಮೇಲೆಯೇ ಪಿನ್ ಚುಚ್ಚಿ. ಫೇಡರ್ ಮೇಲಿದ್ದಾಗ ಚುಚ್ಚಿದರೆ ಢಬ್ ಅಂತ ಬರುವ ಸದ್ದು ಸ್ಪೀಕರಿಗೂ ಕೆಟ್ಟದು, ಮುಂದಿನ ಸಾಲಿನಲ್ಲಿ ಕೂತ ಅಜ್ಜಿ ಮಕ್ಕಳ ಕಿವಿಗೂ ಕೆಟ್ಟದು. ಲೈನ್ ಇನ್ ತೂತಿಗೇ ಹಾಕಿ, ಮೈಕ್ ತೂತಿಗೆ ಬೇಡ. ಮೈಕಿನಿಂದ ಬರುವುದು ಕೆಲವೇ ಮಿಲಿವೋಲ್ಟ್, ಫೋನಿನಿಂದ ಅರ್ಧ ವೋಲ್ಟಿನವರೆಗೂ ಬರಬಹುದು, ಹಾಡು ಕರಕರ ಅನ್ನುತ್ತದೆ. ಅದೂ ಅಲ್ಲದೆ ಮೈಕ್ ತೂತಿನಲ್ಲಿ ಫ್ಯಾಂಟಮ್ ಪವರ್ (ಕೆಲವು ಮೈಕುಗಳಿಗೆ ಮಿಕ್ಸರೇ ಕೊಡುವ ಕರೆಂಟ್) ಆನ್ ಇದ್ದರೆ 48 ವೋಲ್ಟ್ ನಿಮ್ಮ ಫೋನಿನ ಕಡೆಗೇ ಬರುತ್ತದೆ.

ಚಾನೆಲ್ ಸಿಕ್ಕಿದ ಮೇಲೆ ಫೋನಿನ ವಾಲ್ಯೂಮ್ ನೂರಕ್ಕೆ ಎಂಬತ್ತರಷ್ಟಕ್ಕೆ ಇಡಿ. ವೈರು ಚುಚ್ಚಿದ ಮೇಲೆ ಇಡಿ, ಮೊದಲೇ ಅಲ್ಲ. ಇಯರ್‌ಫೋನ್ ಹಾಕಿದರು ಅಂದುಕೊಂಡು ಎಷ್ಟೋ ಫೋನುಗಳು ತಾವೇ ವಾಲ್ಯೂಮ್ ಇಳಿಸಿಕೊಳ್ಳುತ್ತವೆ. ಫೋನಿನ ಈಕ್ವಲೈಸರ್, ಬೇಸ್ ಬೂಸ್ಟ್ ಎಲ್ಲ ಆಫ್. ಹಾಡಿನ ಅತಿ ಜೋರಾದ ಭಾಗವನ್ನೇ ಹಾಕಿ. ಸೌಂಡಿನವರು ಒಳಬರುವ ಸದ್ದಿನ ಮಟ್ಟ ಹೊಂದಿಸುವ ಗೇನ್ ಗುಂಡಿ ತಿರುಗಿಸುತ್ತಾ ಬರಲಿ, ಹಸಿರು ದೀಪ ಉರಿಯಬೇಕು, ಹಳದಿ ಆಗಾಗ ಮಿನುಗಿದರೆ ಪರವಾಗಿಲ್ಲ, ಕೆಂಪು ಬೇಡ. ಎರಡು ಸ್ಪೀಕರಿಗೂ ಒಂದೇ ಸದ್ದು ಕೊಡುವ ಪೆಂಡಾಲಾದರೆ ಎರಡೂ ಚಾನೆಲ್‌ಗಳ ಪ್ಯಾನ್ (ಸದ್ದನ್ನು ಎಡಕ್ಕೋ ಬಲಕ್ಕೋ ಸರಿಸುವ ಗುಂಡಿ) ನಡುವೆ ಇರಲಿ. ಕರೋಕೆ ಹಾಡಿಗೆ ಮಾತ್ರ ಒಂದು ವಿಷಯ ಗಮನಿಸಿ. ಕೆಲವು ಕರೋಕೆಗಳಲ್ಲಿ ಒಂದು ಕಡೆ ಬರೀ ಸಂಗೀತ, ಇನ್ನೊಂದು ಕಡೆ ಹಾಡಿ ತೋರಿಸುವ ದನಿ ಇರುತ್ತದೆ. ಆಗ ದನಿಯ ಚಾನೆಲ್ ಇಳಿಸಿದರೆ ಆಯಿತು.

ಗುಂಯ್ ಸದ್ದು ಬಂದರೆ ಮೊದಲು ಚಾರ್ಜರ್ ಕೀಳಿ. ತುಂಬಾ ಸಲ ಅಷ್ಟಕ್ಕೇ ನಿಲ್ಲುತ್ತದೆ. ಲ್ಯಾಪ್‌ಟಾಪ್ ಆದರೂ ಬ್ಯಾಟರಿಯಲ್ಲೇ ಓಡಿಸಿ. ಆದರೂ ಹೋಗದಿದ್ದರೆ, ಅಥವಾ ಫೋನು ವೇದಿಕೆಯ ಪಕ್ಕ ಇದ್ದು ಮಿಕ್ಸರ್ ಜನರ ಹಿಂದೆ ಎಲ್ಲೋ ಇದ್ದರೆ, ಡಿಐ ಬಾಕ್ಸ್ ಇದೆಯಾ ಅಂತ ಕೇಳಿ. ಅಂಗೈಯಗಲದ ಪೆಟ್ಟಿಗೆ ಅದು, ಹಾಡನ್ನು ಮೈಕಿನ ಥರದ ಸಿಗ್ನಲ್ ಮಾಡಿ ಉದ್ದ ವೈರಿನಲ್ಲೂ ಗಲಾಟೆಯಿಲ್ಲದೆ ಕಳಿಸುತ್ತದೆ. ಅದರ ಮೇಲಿನ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿದರೆ ಗುಂಯ್ ಕೂಡ ನಿಲ್ಲಬಹುದು. ಆದರೆ ಸದ್ದು ನಿಲ್ಲಿಸೋಕೆ ಅಂತ ಕರೆಂಟ್ ಪ್ಲಗ್ಗಿನ ಅರ್ತ್ ಕಾಲನ್ನು ಕಿತ್ತುಹಾಕಲು ಯಾರು ಹೇಳಿದರೂ ಒಪ್ಪಬೇಡಿ. ಬರಿಗಾಲಿನ ಮಕ್ಕಳು ಕುಣಿಯುವ ವೇದಿಕೆ ಅದು, ಪ್ರಾಣಕ್ಕೇ ಅಪಾಯ.

ಬ್ಲೂಟೂತ್ ಬೇಡ್ವಾ ಅಂತ ಕೇಳುತ್ತೀರಿ. ಬೇಡ. ಜನ ತುಂಬಿದ ಮೇಲೆ ಅವರ ಮೈಯೇ ಆ ಸಿಗ್ನಲ್ಲನ್ನು ತಡೆಯುತ್ತದೆ, ಮಧ್ಯಾಹ್ನ ಖಾಲಿ ಹಾಲಿನಲ್ಲಿ ಚೆನ್ನಾಗಿ ಬಂದದ್ದು ಸಂಜೆ ತುಂಡು ತುಂಡಾಗುತ್ತದೆ.

ಫೋನನ್ನು ಸಿದ್ಧ ಮಾಡುವುದು

ಹಾಡು ಫೋನಿನಲ್ಲೇ ಡೌನ್‌ಲೋಡ್ ಆಗಿರಬೇಕು, ಕಾರ್ಯಕ್ರಮದ ಜಾಗದಲ್ಲಿ ನೆಟ್‌ವರ್ಕ್ ನಂಬಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಂಡರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ವಿಡಿಯೊ ಆಗಿ ಬಂದದ್ದು ಸೊರಗಿರುತ್ತದೆ. ಕಾರ್ಯಕ್ರಮದ ಕ್ರಮದಲ್ಲೇ 01, 02 ಅಂತ ಹೆಸರು ಕೊಡಿ. ಏರೋಪ್ಲೇನ್ ಮೋಡ್ ಹಾಕಿ, ಅಲಾರಂ ತೆಗೆಯಿರಿ, ಒಂದು ಹಾಡು ಮುಗಿದ ತಕ್ಷಣ ಮುಂದಿನದು ತಾನೇ ಶುರುವಾಗದ ಹಾಗೆ ನೋಡಿಕೊಳ್ಳಿ. ಎಲ್ಲ ಹಾಡುಗಳನ್ನೂ ಇನ್ನೊಂದು ಫೋನಿಗೂ ಪೆನ್‌ಡ್ರೈವಿಗೂ ಹಾಕಿಡಿ. ಫೋನು ಮಿಕ್ಸರ್ ಪಕ್ಕದಲ್ಲೇ ಇರಲಿ, ಡಾನ್ಸ್ ಚೆನ್ನಾಗಿ ಗೊತ್ತಿರುವ ಒಬ್ಬರು ಅದರ ಹತ್ತಿರ ಕೂರಲಿ, ಬೇರೆ ಕೆಲಸ ಅವರಿಗೆ ಕೊಡಬೇಡಿ.

ಹಿಂದಿನ ರಾತ್ರಿಯೇ ಪರೀಕ್ಷೆ ಮಾಡುವುದಾದರೆ ಹತ್ತು ಗಂಟೆಯೊಳಗೆ ಮುಗಿಸಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲ.

ಕೊನೆಯ ಡಾನ್ಸ್ ಮುಗಿದ ಮೇಲೂ ಅದೇ ಕ್ರಮ. ಹಾಡು ನಿಲ್ಲಿಸಿ, ಫೇಡರ್ ಇಳಿಸಲು ಹೇಳಿ, ಆಮೇಲೆ ಪಿನ್ ತೆಗೆಯಿರಿ. ವೈರು ಹಿಡಿದು ಎಳೆಯಬೇಡಿ, ಪಿನ್ನಿನ ಬುಡ ಹಿಡಿಯಿರಿ. ಮೊನೊ ಆಡಿಯೊ, ಬ್ಯಾಲೆನ್ಸ್ ಬದಲಿಸಿದ್ದರೆ ಮೊದಲಿದ್ದ ಹಾಗೆ ಮಾಡಿ ಫೋನನ್ನು ಅದರ ಯಜಮಾನರಿಗೆ ಕೊಡಿ.