ಹೊರರಾಜ್ಯದ ಡೀಲರ್‌ನಿಂದ ಕಾರನ್ನು ಲೀಸ್‌ಗೆ ಪಡೆದ ನನ್ನ ಅನುಭವ

ನ್ಯೂಜೆರ್ಸಿಯಲ್ಲಿ ನೆಲೆಸಿರುವ ನಾನು ಈಗ ಓಡಿಸುತ್ತಿರುವ ಕಾರನ್ನು ಲೀಸ್‌ಗೆ, ಅಂದರೆ ನಿಗದಿತ ಅವಧಿಗೆ ತಿಂಗಳ ಕಂತು ಕಟ್ಟಿ ಓಡಿಸಿ ಕೊನೆಯಲ್ಲಿ ಹಿಂದಿರುಗಿಸುವ ಕರಾರಿನ ಮೇಲೆ, ಪಡೆದದ್ದು ಪೆನ್ಸಿಲ್ವೇನಿಯಾದ ಪಶ್ಚಿಮ ಭಾಗದಲ್ಲಿ, ಪಿಟ್ಸ್‌ಬರ್ಗ್‌ಗೆ ಸಮೀಪದಲ್ಲಿರುವ ಒಬ್ಬ ಡೀಲರ್‌ನಿಂದ. ನಮ್ಮ ಸುತ್ತಮುತ್ತಲಿನ ಡೀಲರ್‌ಗಳು ಅದೇ ಮಾದರಿಗೆ ಕೊಡಲು ಒಪ್ಪಿದ್ದಕ್ಕಿಂತ ಹೆಚ್ಚಿನ ರಿಯಾಯಿತಿಗೆ ಆತ ಒಪ್ಪಿದ್ದೇ ಇದಕ್ಕೆ ಕಾರಣ. ಆದರೆ ದೂರದ ಡೀಲರ್ ಕೊಡುವ ರಿಯಾಯಿತಿ ಕೊನೆಯ ಲೆಕ್ಕದವರೆಗೂ ಉಳಿಯಬೇಕಾದರೆ, ಲೀಸ್‌ನ ಯಾವ ಅಂಕಿ ಯಾರ ಕೈಯಲ್ಲಿದೆ ಎಂಬುದನ್ನು ಮಾತುಕತೆಗೆ ಮೊದಲೇ ಬೇರ್ಪಡಿಸಿಕೊಳ್ಳಬೇಕು.

ಮಾರಾಟದ ಬೆಲೆ, ಕಾಗದಪತ್ರಗಳ ಶುಲ್ಕ ಮತ್ತು ಡೀಲರ್ ತಾನೇ ಅಂಟಿಸುವ ಹೆಚ್ಚುವರಿ ಸಾಮಗ್ರಿಗಳು ಡೀಲರ್‌ಗೆ ಸೇರಿದ್ದು. ರೆಸಿಡ್ಯುಯಲ್, ಅಂದರೆ ಅವಧಿಯ ಕೊನೆಯಲ್ಲಿ ಕಾರಿಗೆ ಉಳಿಯುವುದೆಂದು ಅಂದಾಜಿಸಿದ ಮೌಲ್ಯ, ಲೀಸ್ ಕಂಪನಿ ನಿಗದಿ ಮಾಡುವಂಥದ್ದು. ಅದರ ಮೇಲೆ ಚೌಕಾಸಿ ನಡೆಯುವುದಿಲ್ಲ. ತಯಾರಕರ ಪ್ರೋತ್ಸಾಹಧನಗಳು ಬಹುಪಾಲು ಕಾರು ನೋಂದಣಿಯಾಗುವ ವಿಳಾಸದ ಜಿಪ್ ಕೋಡ್‌ಗೆ ಅನುಗುಣವಾಗಿರುತ್ತವೆ. ತೆರಿಗೆಯಂತೂ ನಾವು ವಾಸಿಸುವ ರಾಜ್ಯದ್ದೇ. ಹೀಗೆ ನೋಡಿದರೆ ಹೊರರಾಜ್ಯದ ಡೀಲರ್ ನಿಜವಾಗಿ ನಮಗೆ ಕೊಡಬಲ್ಲದ್ದು ಮೊದಲ ಗುಂಪಿನ ಲಾಭವನ್ನು ಮಾತ್ರ. ಆದ್ದರಿಂದ ನಾನು ಯಾರೊಡನೆಯೂ ತಿಂಗಳ ಕಂತಿನ ಮಾತನ್ನು ಮೊದಲು ಎತ್ತಲಿಲ್ಲ. ಪ್ರೋತ್ಸಾಹಧನಗಳನ್ನು ಕಳೆಯುವ ಮುಂಚಿನ ಮಾರಾಟದ ಬೆಲೆಯನ್ನೇ ಎಲ್ಲರಿಂದಲೂ ಬರಹದಲ್ಲಿ ಕೇಳಿದೆ.

ಲೆಕ್ಕ ಸ್ಪಷ್ಟವಾಗಲೆಂದು ದುಂಡು ಅಂಕಿಗಳ ಒಂದು ಉದಾಹರಣೆ ಕೊಡುತ್ತೇನೆ. ಸ್ಟಿಕರ್ ಬೆಲೆ, ಅಂದರೆ ತಯಾರಕರು ಕಾರಿನ ಕಿಟಕಿಯ ಮೇಲೆ ನಮೂದಿಸುವ ಪಟ್ಟಿ ಬೆಲೆ, 42,000 ಡಾಲರ್, ಮಾರಾಟದ ಬೆಲೆ 38,600 ಡಾಲರ್, ಅವಧಿ 36 ತಿಂಗಳು, ರೆಸಿಡ್ಯುಯಲ್ ಶೇ. 58 ಎಂದಿಟ್ಟುಕೊಳ್ಳಿ. ರೆಸಿಡ್ಯುಯಲ್ ಲೆಕ್ಕವಾಗುವುದು ಸ್ಟಿಕರ್ ಬೆಲೆಯ ಮೇಲೆ; ಹಾಗಾಗಿ ಅದು 24,360 ಡಾಲರ್. ಮಾರಾಟದ ಬೆಲೆಗೂ ರೆಸಿಡ್ಯುಯಲ್‌ಗೂ ಇರುವ ವ್ಯತ್ಯಾಸವನ್ನು 36ರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 396 ಡಾಲರ್ ಸವಕಳಿ. ಇದರ ಜೊತೆಗೆ ಬಡ್ಡಿಯ ಸ್ಥಾನದಲ್ಲಿರುವ ಬಾಡಿಗೆ ಶುಲ್ಕ ಸೇರುತ್ತದೆ: ಮಾರಾಟದ ಬೆಲೆ ಮತ್ತು ರೆಸಿಡ್ಯುಯಲ್‌ಗಳನ್ನು ಕೂಡಿಸಿ ಮನಿ ಫ್ಯಾಕ್ಟರ್‌ನಿಂದ, ಅಂದರೆ ಲೀಸ್‌ನ ಬಡ್ಡಿದರವನ್ನು ಸೂಚಿಸುವ ಸಣ್ಣ ದಶಮಾಂಶ ಸಂಖ್ಯೆಯಿಂದ, ಗುಣಿಸಬೇಕು. ಮನಿ ಫ್ಯಾಕ್ಟರ್ 0.00200 ಆದರೆ ಅದು ತಿಂಗಳಿಗೆ ಸುಮಾರು 126 ಡಾಲರ್ ಆಗುತ್ತದೆ, ಒಟ್ಟು ಕಂತು ತೆರಿಗೆ ಬಿಟ್ಟು ಸುಮಾರು 521 ಡಾಲರ್. ಮನಿ ಫ್ಯಾಕ್ಟರ್‌ನ್ನು 2,400ರಿಂದ ಗುಣಿಸಿದರೆ ನಮಗೆ ಪರಿಚಿತವಾದ ವಾರ್ಷಿಕ ಬಡ್ಡಿದರ ಸಿಗುತ್ತದೆ. ಇಲ್ಲಿ ಅದು ಶೇ. 4.8.

ಡೀಲರ್‌ಗಳು ಲೀಸ್ ಕಂಪನಿಯ ಮೂಲ ದರದ ಮೇಲೆ ತಮ್ಮ ಪಾಲನ್ನು ಸೇರಿಸುವುದುಂಟು, ಮತ್ತು ದೂರದವರ ವಿಷಯದಲ್ಲಿ ನಾನು ಅತಿ ಹೆಚ್ಚು ಎಚ್ಚರ ವಹಿಸಿದ್ದು ಇದರ ಬಗ್ಗೆಯೇ. ಮೇಲಿನ ಉದಾಹರಣೆಯಲ್ಲಿ ಮನಿ ಫ್ಯಾಕ್ಟರ್ 0.00240 ಆದರೆ 36 ತಿಂಗಳಲ್ಲಿ 900 ಡಾಲರ್‌ಗೂ ಹೆಚ್ಚು ಹೊರೆ ಬೀಳುತ್ತದೆ. ಬೆಲೆಯಲ್ಲಿ 1,500 ಡಾಲರ್ ಇಳಿಸಿದ್ದರಿಂದ ಬರುವ ಉಳಿತಾಯದ ಅರ್ಧಕ್ಕಿಂತ ಹೆಚ್ಚು ಭಾಗ ಅಲ್ಲಿಗೇ ಕರಗುತ್ತದೆ. 1976ರ ಗ್ರಾಹಕ ಲೀಸ್ ಕಾಯ್ದೆಯ ಪ್ರಕಾರ ಒಪ್ಪಂದದಲ್ಲಿ ಒಟ್ಟು ಬಂಡವಾಳ ಮೊತ್ತ (ಕಾರಿನ ಒಪ್ಪಿತ ಬೆಲೆ ಮತ್ತು ಅದಕ್ಕೆ ಸೇರಿಸಿದ ಶುಲ್ಕಗಳು), ರೆಸಿಡ್ಯುಯಲ್ ಮತ್ತು ಬಾಡಿಗೆ ಶುಲ್ಕಗಳನ್ನು ತೋರಿಸಲೇಬೇಕು. ಮನಿ ಫ್ಯಾಕ್ಟರ್‌ನ್ನು ತೋರಿಸಬೇಕೆಂಬ ಕಡ್ಡಾಯವಿಲ್ಲ. ಆದರೂ ಈ ಮೂರು ಅಂಕಿಗಳು ಮತ್ತು ಲೀಸ್‌ನ ಅವಧಿಯಿಂದ ಅದನ್ನು ಹಿಂದಕ್ಕೆ ಲೆಕ್ಕ ಹಾಕಿ ತಿಳಿಯಬಹುದು. ನಾನು ಸಹಿ ಹಾಕುವ ಮುನ್ನ ಕರಡು ಒಪ್ಪಂದವನ್ನು ತರಿಸಿಕೊಂಡು ಹಾಗೆಯೇ ತಾಳೆ ನೋಡಿದೆ.

ತೆರಿಗೆಯ ವಿಷಯದಲ್ಲಿ ಡೀಲರ್‌ನ ಗಣಕಯಂತ್ರ ತನ್ನ ರಾಜ್ಯದ ನಿಯಮವನ್ನೇ ಹಿಡಿದುಕೊಂಡಿರುತ್ತದೆ. ಪೆನ್ಸಿಲ್ವೇನಿಯಾದಲ್ಲಿ ಲೀಸ್ ಕಂತಿನ ಮೇಲೆ ಶೇ. 6ರ ಮಾರಾಟ ತೆರಿಗೆಯ ಜೊತೆಗೆ ಶೇ. 3ರ ವಾಹನ ಲೀಸ್ ತೆರಿಗೆಯೂ ಇದೆ. ನ್ಯೂಜೆರ್ಸಿಯ ದರ ಶೇ. 6.625, ಆರು ತಿಂಗಳಿಗಿಂತ ದೀರ್ಘವಾದ ಲೀಸ್‌ಗೆ ಅದು ಆರಂಭದಲ್ಲೇ ಬಾಕಿಯಾಗುತ್ತದೆ. ಲೀಸ್ ಕಂಪನಿ ಅದನ್ನು ಕಂತುಗಳ ಒಟ್ಟು ಮೊತ್ತದ ಮೇಲೆ ಲೆಕ್ಕ ಹಾಕುತ್ತದೆಯೋ ಕಾರಿನ ಮೂಲ ಖರೀದಿ ಬೆಲೆಯ ಮೇಲೆಯೋ ಎಂಬುದನ್ನು ಕೇಳಿ ತಿಳಿದುಕೊಳ್ಳಬೇಕು, ಏಕೆಂದರೆ ಮೇಲಿನ ಉದಾಹರಣೆಯಲ್ಲಿ ಮೊದಲನೆಯ ವಿಧಾನಕ್ಕೆ ಸುಮಾರು 1,244 ಡಾಲರ್ ಆದರೆ ಎರಡನೆಯದಕ್ಕೆ ಸುಮಾರು 2,557 ಡಾಲರ್ ಆಗುತ್ತದೆ. ನನಗೆ ಬಂದ ಮೊದಲ ದರಪಟ್ಟಿ ಪೆನ್ಸಿಲ್ವೇನಿಯಾದ ತೆರಿಗೆಯನ್ನೇ ಹೊತ್ತು ಬಂದಿತ್ತು. ನನ್ನ ಜಿಪ್ ಕೋಡ್ ಹಾಕಿ ಮತ್ತೆ ಕಳುಹಿಸಿ ಎಂದು ಕೇಳಿದ ಮೇಲೆಯೇ ಅದು ಸ್ಥಳೀಯ ಪಟ್ಟಿಗಳೊಡನೆ ಹೋಲಿಸಲು ಯೋಗ್ಯವಾಯಿತು.

ಮುಂಗಡ ಕಟ್ಟುವ ಮೊದಲು ವಿಐಎನ್, ಅಂದರೆ ಪ್ರತಿ ಕಾರಿಗೂ ಪ್ರತ್ಯೇಕವಾದ ಗುರುತಿನ ಸಂಖ್ಯೆಯುಳ್ಳ ಆರ್ಡರ್ ಪತ್ರವನ್ನೂ ಕಿಟಕಿಯ ಸ್ಟಿಕರ್‌ನ ಚಿತ್ರವನ್ನೂ ತರಿಸಿಕೊಂಡೆ. 1958ರ ಕಾಯ್ದೆಯಿಂದ ಜಾರಿಗೆ ಬಂದ ಈ ಸ್ಟಿಕರ್‌ನಲ್ಲಿ ಕಾರ್ಖಾನೆಯಿಂದಲೇ ಬಂದ ಹೆಚ್ಚುವರಿ ಸೌಲಭ್ಯಗಳೆಲ್ಲ ಬೆಲೆಸಹಿತ ಇರುತ್ತವೆ. ಅದರ ಪಕ್ಕದಲ್ಲಿ ಡೀಲರ್ ಹಚ್ಚುವ ಎರಡನೆಯ ಪಟ್ಟಿ, ಅಂದರೆ ಬಣ್ಣರಕ್ಷಕ ಲೇಪ, ಟೈರಿಗೆ ನೈಟ್ರೋಜನ್ ಮುಂತಾದವು, ಅದಕ್ಕೆ ಸೇರಿದ್ದಲ್ಲ. ಕಾರನ್ನು ಕಣ್ಣಾರೆ ನೋಡದೆ ಒಪ್ಪುವವರಿಗೆ ಈ ಪಟ್ಟಿ ಕೊನೆಯ ಗಳಿಗೆಯವರೆಗೂ ಕಾಣದೇ ಹೋಗಬಹುದು. ಮುಂಗಡವನ್ನು ಕ್ರೆಡಿಟ್ ಕಾರ್ಡ್‌ನಲ್ಲಿಯೇ ಕಟ್ಟಿ, ಒಪ್ಪಂದವಾಗದಿದ್ದರೆ ಹಿಂದಿರುಗಿಸುತ್ತೇವೆ ಎಂಬ ಮಾತನ್ನು ಮಿಂಚಂಚೆಯಲ್ಲಿ ಪಡೆದುಕೊಂಡೆ.

ನನ್ನ ಅನುಭವದಲ್ಲಿ ಬೆಲೆಗಿಂತಲೂ ಹೆಚ್ಚು ಗಮನ ಬೇಡಿದ್ದು ನೋಂದಣಿ. ಕಾರನ್ನು ಕೊಳ್ಳುವವನು ಬೇಕಾದರೆ ತಾನೇ ಮೋಟಾರು ವಾಹನ ಕಚೇರಿಗೆ ಹೋಗಿ ಕೆಲಸ ಮುಗಿಸಿಕೊಳ್ಳಬಹುದು. ಲೀಸ್‌ನಲ್ಲಿ ಕಾರಿನ ಒಡೆತನ ಲೀಸ್ ಕಂಪನಿಯದು, ಅದರ ಪರವಾದ ಅಧಿಕಾರಪತ್ರವಿಲ್ಲದೆ ನಮ್ಮಿಂದ ಏನೂ ಆಗದು. ಆದ್ದರಿಂದ ನ್ಯೂಜೆರ್ಸಿಯ ಗ್ರಾಹಕರಿಗೆ ಮೊದಲು ಲೀಸ್ ಮಾಡಿದ್ದೀರಾ, ಆ ಕಂಪನಿ ನಮ್ಮ ರಾಜ್ಯಕ್ಕೆ ಈ ಡೀಲರ್ ಮೂಲಕ ಒಪ್ಪಂದ ಮಾಡಲು ಒಪ್ಪುತ್ತದೆಯೇ, ನೋಂದಣಿಯ ಕಾಗದಗಳನ್ನು ಕಚೇರಿಗೆ ಯಾರು ತಲುಪಿಸುತ್ತಾರೆ, ತಾತ್ಕಾಲಿಕ ಪ್ಲೇಟ್ ಎಂದಿನವರೆಗೆ ಸಲ್ಲುತ್ತದೆ ಎಂದು ನಾನು ಮೊದಲ ಸಂಭಾಷಣೆಯಲ್ಲೇ ಕೇಳುತ್ತಿದ್ದೆ. ಹೊರರಾಜ್ಯದಲ್ಲೇ ಇದ್ದರೂ ಪಿಟ್ಸ್‌ಬರ್ಗ್‌ಗಿಂತ ನನ್ನ ಊರಿಗೆ ಹತ್ತಿರವಾಗಿದ್ದು ಇನ್ನೂ ಕಡಿಮೆ ಬೆಲೆ ಹೇಳಿದ್ದ ಮತ್ತೊಬ್ಬ ಡೀಲರ್‌ನನ್ನು ಕೈಬಿಟ್ಟದ್ದು ಈ ಪ್ರಶ್ನೆಗಳಿಗೆ ಖಚಿತ ಉತ್ತರ ಬರಲಿಲ್ಲವೆಂಬ ಒಂದೇ ಕಾರಣಕ್ಕೆ.

ವಿಮೆಯನ್ನು ಕಾರು ಕೈಗೆ ಬರುವ ಮೊದಲೇ ಮಾಡಿಸಿ, ಲೀಸ್ ಕಂಪನಿಯ ಹೆಸರು ಮತ್ತು ವಿಳಾಸ ಅದರಲ್ಲಿ ಸರಿಯಾಗಿ ನಮೂದಾಗಿದೆಯೇ ಎಂದು ನೋಡಿಕೊಂಡೆ. ರಾಜ್ಯದ ಕನಿಷ್ಠ ಮಿತಿಗಿಂತ ಹೆಚ್ಚಿನ ಹೊಣೆಗಾರಿಕೆ ವಿಮೆಯನ್ನು ಲೀಸ್ ಕಂಪನಿಗಳು ಸಾಮಾನ್ಯವಾಗಿ ಕೇಳುತ್ತವೆ. ತಿಂಗಳ ಖರ್ಚಿನಲ್ಲಿ ಈ ವ್ಯತ್ಯಾಸವನ್ನೂ ಸೇರಿಸಬೇಕು.

ಒಪ್ಪಂದದ ಕಾಗದಗಳು ಕೊರಿಯರ್‌ನಲ್ಲಿ ಬಂದವು. ಕಾರು ಟ್ರಕ್ಕಿನಲ್ಲಿ ಬಂತು. ಡೀಲರ್‌ನ ಚಾಲಕ ಓಡಿಸಿಕೊಂಡು ಬಂದಿದ್ದರೆ ಸಾಗಣೆಯ ಖರ್ಚು ತಗ್ಗುತ್ತಿತ್ತು, ಆದರೆ ರಾಜ್ಯದ ಆ ತುದಿಯಿಂದ ಇಲ್ಲಿಗೆ 300ಕ್ಕೂ ಹೆಚ್ಚು ಮೈಲಿ. ಹಾಗೆ ತರಿಸಿಕೊಳ್ಳುವವರು ಒಪ್ಪಂದದಲ್ಲಿ ಬರೆಯುವ ಓಡೋಮೀಟರ್ ಅಂಕಿ ಕಾರು ತಲುಪಿದ ಹೊತ್ತಿನದ್ದಾಗಿರುವಂತೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಆ ಮೈಲಿಗಳು ಲೀಸ್‌ನಲ್ಲಿ ನಮಗೆ ಓಡಿಸಲು ಬಿಟ್ಟಿರುವ ಮೈಲಿಗಳ ಮಿತಿಯಿಂದಲೇ ಕಳೆಯುತ್ತವೆ. ಟ್ರಕ್ಕಿನಿಂದ ಇಳಿದ ಕಾರನ್ನು ಹಗಲಿನ ಬೆಳಕಿನಲ್ಲಿ ಸುತ್ತಲೂ ಪರಿಶೀಲಿಸಿ, ಸಾಗಣೆಯವರ ರಶೀದಿಯಲ್ಲಿ ಗೀರುಗಳ ಬಗ್ಗೆ ಬರೆಯುವುದಿದ್ದರೆ ಬರೆದು, ಆಮೇಲೆ ಸಹಿ ಹಾಕುವುದು ಅವಶ್ಯ.

ದೂರದಲ್ಲಿ ಕೊಂಡರೆ ಮುಂದೆ ತೊಂದರೆಯಾದಾಗ ಗತಿಯೇನು ಎಂದು ಸ್ನೇಹಿತರು ಕೇಳುತ್ತಾರೆ. ಹೊಸ ಕಾರಿನ ವಾರಂಟಿ ತಯಾರಕರದ್ದಾದ್ದರಿಂದ ಆ ಬ್ರ್ಯಾಂಡಿನ ಯಾವ ಅಧಿಕೃತ ಡೀಲರ್‌ನಲ್ಲಾದರೂ ದುರಸ್ತಿಯಾಗುತ್ತದೆ. ನ್ಯೂಜೆರ್ಸಿಯ ಲೆಮನ್ ಕಾನೂನು, ಅಂದರೆ ಪದೇ ಪದೇ ಕೆಡುವ ದೋಷವುಳ್ಳ ಹೊಸ ವಾಹನ ಪಡೆದವರಿಗೆ ರಕ್ಷಣೆ ಕೊಡುವ ಕಾನೂನು, ಇಲ್ಲಿ ಕೊಂಡ ಅಥವಾ ಲೀಸ್‌ಗೆ ಪಡೆದ ಹೊಸ ವಾಹನಗಳಿಗಷ್ಟೇ ಅಲ್ಲದೆ ಇಲ್ಲಿ ನೋಂದಣಿಯಾದವುಗಳಿಗೂ, 24 ತಿಂಗಳು ಅಥವಾ 24,000 ಮೈಲಿ, ಯಾವುದು ಮೊದಲೋ ಅಲ್ಲಿಯವರೆಗೆ ಅನ್ವಯಿಸುತ್ತದೆ. ಇಂಥ ನಿಯಮ ಎಲ್ಲ ರಾಜ್ಯಗಳಲ್ಲಿಯೂ ಒಂದೇ ರೀತಿ ಇರುವುದಿಲ್ಲ, ಬೇರೆಡೆ ಇರುವವರು ತಮ್ಮದನ್ನು ಓದಿಕೊಳ್ಳಲಿ. ಅವಧಿ ಮುಗಿದಾಗ ಕಾರನ್ನು ಸಾಮಾನ್ಯವಾಗಿ ಹತ್ತಿರದ ಡೀಲರ್‌ಗೇ ಒಪ್ಪಿಸಬಹುದು. ಅದನ್ನೇ ಕೊಂಡುಕೊಳ್ಳುವ ಆಲೋಚನೆ ಇದ್ದವರು ಮಾತ್ರ, ಖರೀದಿ ನೇರವಾಗಿ ಲೀಸ್ ಕಂಪನಿಯೊಡನೆ ನಡೆಯುತ್ತದೆಯೇ ಅಥವಾ ಡೀಲರ್ ಮೂಲಕವೇ ಆಗಬೇಕೇ ಎಂಬುದನ್ನು ಸಹಿಗೆ ಮೊದಲೇ ಕೇಳಿ ಬರಹದಲ್ಲಿ ಇಟ್ಟುಕೊಳ್ಳಬೇಕು.